ಕೇಸ್ ಶೀಟಿನಲ್ಲಿ ಕಳೆದುಹೋಗುವ ಕನ್ನಡ

ಚಳ್ಳಕೆರೆ ಕಡೆಯ ಅಜ್ಜಿಯೊಬ್ಬರು ಓಪಿಡಿಯಲ್ಲಿ ಕೂತು "ಕಣ್ಣು ಕತ್ಲೆ ಬಂದಂಗಾಗ್ತೈತೆ ಸಾ" ಅಂತಾರೆ. ಪಕ್ಕದ ಬೆಂಚಿನ ರೈತ "ಮಗ್ಲು ಬದಲಾಯ್ಸಿದ್ರೆ ಸಾಕು, ಮನೆ ಗಿರ್ರಂತ ತಿರುಗ್ತೈತೆ" ಅಂತಾನೆ. ಇನ್ನೊಬ್ಬರು "ಕೂತ್ರೆ ಏನಿಲ್ಲ, ನಡೀವಾಗ ತೂರಾಡ್ದಂಗಾಗ್ತೈತೆ" ಅಂತಾರೆ. ಮೂರೂ ಮಾತು ಡಾಕ್ಟರು ರೋಗಿಯ ವಿವರ ಬರೆಯುವ ಕೇಸ್ ಶೀಟಿಗೆ ಇಳಿಯುವ ಹೊತ್ತಿಗೆ ಒಂದೇ ಪದ ಆಗಿರುತ್ತೆ: ಗಿಡ್ಡಿನೆಸ್, ಅಂದರೆ ತಲೆಸುತ್ತು.

ಮೂವರೂ ಹೇಳಿದ್ದು ಬೇರೆ ಬೇರೆ. ಕಣ್ಣು ಕತ್ತಲೆ ಬರೋದು ಮಿದುಳಿಗೆ ಹೋಗುವ ರಕ್ತ ಕಡಿಮೆಯಾದಾಗ. ಬಿಪಿ ಇಳಿದಿರಬಹುದು, ರಕ್ತಹೀನತೆ ಇರಬಹುದು, ಹೃದಯದ ಬಡಿತ ಲಯ ತಪ್ಪಿರಬಹುದು. ಮಗ್ಗುಲು ಬದಲಾಯಿಸಿದಾಗ ಮನೆ ತಿರುಗೋದು ಹೆಚ್ಚಾಗಿ ಒಳಕಿವಿಯ ತೊಂದರೆ. ನಡೆವಾಗ ಮಾತ್ರ ತೂರಾಡಿದರೆ ಕಿರುಮಿದುಳಿನ ಕಡೆ, ಇಲ್ಲವೇ ಕಾಲಿನ ನರಗಳ ಕಡೆ ನೋಡಬೇಕು. ಹಳೇ ಸಕ್ಕರೆ ಕಾಯಿಲೆಯವರಲ್ಲಿ ಇದು ಸಾಮಾನ್ಯ. ಅಜ್ಜಿಗೆ ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಬೇಕು, ಇಸಿಜಿ ತೆಗೆಸಬೇಕು. ರೈತನನ್ನು ತಲೆ ಓರೆ ಮಾಡಿ ಮಲಗಿಸಿ ಕಣ್ಣುಗುಡ್ಡೆ ಅದುರುತ್ತಾ ನೋಡಬೇಕು. ಮೂರನೆಯವರನ್ನು ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಬೇಕು. ಗಿಡ್ಡಿನೆಸ್ ಅಂತ ಬರೆದುಬಿಟ್ಟರೆ ಮೂವರಿಗೂ ಒಂದೇ ಮಾತ್ರೆ.

ಡಾಕ್ಟರಾಗುವವರಿಗೆ ಸಾಹಿತ್ಯ, ಚಿತ್ರ, ನಾಟಕ ಯಾಕೆ ಅಂತ ಕೇಳುವವರಿಗೆ ನಾನು ಕೊಡೋ ಉತ್ತರ ಈ ಮೂರು ವಾಕ್ಯ. ಮೃದು ಸ್ವಭಾವ ಬರುತ್ತೆ, ಒಳ್ಳೆಯ ಮನುಷ್ಯರಾಗ್ತಾರೆ ಅನ್ನೋದೆಲ್ಲ ಆಮೇಲಿನ ಮಾತು. ಮೊದಲು ರೋಗ ಸರಿಯಾಗಿ ಗೊತ್ತಾಗಬೇಕಲ್ಲ! ಅದಕ್ಕೇ ಬೇಕು.

ಇನ್ನೊಂದು ಪದ ಇದಕ್ಕೂ ಅಪಾಯದ್ದು: ಗ್ಯಾಸ್. ಹೊಟ್ಟೆ ಉಬ್ಬರಕ್ಕೂ ಗ್ಯಾಸ್, ಎದೆಯುರಿಗೂ ಗ್ಯಾಸ್, ಎದೆ ಹಿಡಿದುಕೊಂಡರೂ ಗ್ಯಾಸ್. ಹೃದಯದ ಕೆಳಗೋಡೆಗೆ ರಕ್ತ ಹರಿಯೋದು ನಿಂತಾಗ ನೋವು ಮೇಲ್ಹೊಟ್ಟೆಯಲ್ಲೇ ಕಾಣಿಸಬಹುದು, ಜೊತೆಗೆ ವಾಕರಿಕೆ, ಬೆವರು. ಶುಗರ್ ಇರುವವರಲ್ಲಿ, ಹೆಂಗಸರಲ್ಲಿ ಎದೆನೋವೇ ಇಲ್ಲದೆ ಬರೀ ಸಂಕಟ, ಸುಸ್ತು ಅಂತಲೂ ಬರಬಹುದು. ರೋಗಿ ಗ್ಯಾಸ್ ಅಂದ ಕೂಡಲೇ ಡಾಕ್ಟರೂ ಅದೇ ಪದ ಬರೆದುಕೊಂಡರೆ ಅಲ್ಲಿಗೆ ಯೋಚನೆ ನಿಂತಿತು. "ಗ್ಯಾಸ್ ಅಂದ್ರೆ ಹೆಂಗಾಗ್ತೈತೆ ಯಜಮಾನ್ರೇ, ಎಲ್ಲಿ, ಕೈಯಿಟ್ಟು ತೋರ್ಸಿ" ಅಂತ ಕೇಳಲು ಅರ್ಧ ನಿಮಿಷ ಸಾಕು. ಮುಷ್ಟಿ ಬಿಗಿದು ಎದೆ ನಡುವೆ ಇಟ್ಟರೆ 10 ನಿಮಿಷದೊಳಗೆ ಇಸಿಜಿ ಆಗಬೇಕು. ಬೇರೆಲ್ಲಿ ಇಟ್ಟರೂ ಬೆವರು, ವಾಕರಿಕೆ ಇದ್ದರೆ ಇಸಿಜಿ ಬಿಡಬಾರದು.

ಹಾಗಾಗಿ ಮೊದಲ ಅಭ್ಯಾಸ ಇದು: ಕೇಸ್ ಶೀಟಿನ ಮೊದಲ ಸಾಲು ರೋಗಿ ಆಡಿದ ಮಾತೇ ಆಗಿರಲಿ, ಕನ್ನಡ ಲಿಪಿಯಲ್ಲಿ, ಉದ್ಧರಣ ಚಿಹ್ನೆಯೊಳಗೆ. ಇಂಗ್ಲಿಷ್ ಪದ ಎರಡನೇ ಸಾಲಿಗೆ. ಪೆನ್ನು ಕೆಳಗಿಟ್ಟು "ಏನಾಗೈತೆ ಹೇಳಿ" ಅಂತ ಒಂದೇ ಪ್ರಶ್ನೆ ಕೇಳಿ ಸುಮ್ಮನಿರಬೇಕು. 1984ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಲೆಕ್ಕ ಹಾಕಿದಾಗ ವೈದ್ಯರು ಸರಾಸರಿ 18 ಸೆಕೆಂಡಿಗೆ ರೋಗಿಯ ಮಾತನ್ನು ತಡೆಯುತ್ತಿದ್ದರು. 2002ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯರು ತಡೆಯದೆ ಬಿಟ್ಟು ನೋಡಿದರು; ರೋಗಿಗಳು ಸರಾಸರಿ 92 ಸೆಕೆಂಡಿನಲ್ಲಿ ತಾವೇ ನಿಲ್ಲಿಸಿದರು. ಓಪಿಡಿ ರಶ್ಶಿನಲ್ಲಿ ಟೈಮೆಲ್ಲಿ ಅನ್ನೋರಿಗೆ ಹೇಳೋದು: ನಾವು ಉಳಿಸಿಕೊಳ್ಳುತ್ತಿರೋದು ಒಂದು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಇದು ಎಡವೋದು ಎಲ್ಲಿ ಅಂದರೆ, ಜೊತೆಗೆ ಬಂದವರು ಉತ್ತರ ಕೊಡೋಕೆ ಶುರು ಮಾಡಿದಾಗ. ಅತ್ತೆ ಪಕ್ಕದಲ್ಲಿ ನಿಂತಿದ್ದರೆ ಸೊಸೆ "ಸೊಂಟ ನೋವು, ಸುಸ್ತು" ಅನ್ನುತ್ತಾಳೆಯೇ ಹೊರತು "ಬಿಳಿ ಹೋಗ್ತೈತೆ" ಅನ್ನೋದಿಲ್ಲ. ಅತ್ತೆಯನ್ನು ಚೀಟಿ ಮಾಡಿಸಲು ಕಳಿಸಿ ಮತ್ತೊಮ್ಮೆ ಕೇಳಬೇಕು.

ಕಿವಿ ಆಯಿತು, ಕಣ್ಣಿಗೆ ಬರೋಣ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಚರ್ಮರೋಗ ತಜ್ಞ ಇರ್ವಿನ್ ಬ್ರೇವರ್‌ಮನ್ ಮತ್ತು ಕಲಾ ಸಂಗ್ರಹಾಲಯದ ಲಿಂಡಾ ಫ್ರೀಡ್‌ಲೆಂಡರ್ ಮೊದಲ ವರ್ಷದ ವೈದ್ಯ ವಿದ್ಯಾರ್ಥಿಗಳನ್ನು ಪೇಂಟಿಂಗುಗಳ ಮುಂದೆ ನಿಲ್ಲಿಸಿ, ಕಂಡದ್ದನ್ನಷ್ಟೇ ಹೇಳಿ ಅಂದರು. ಹೀಗೆ ಕಲಿತವರು ರೋಗಿಗಳ ಫೋಟೊಗಳನ್ನೂ ಉಳಿದವರಿಗಿಂತ ಚೆನ್ನಾಗಿ ವಿವರಿಸಿದರು ಎಂಬುದು 2001ರಲ್ಲಿ ಪ್ರಕಟವಾಯಿತು. ದಾವಣಗೆರೆಯಲ್ಲಿ 1965ರಿಂದ ವೈದ್ಯಕೀಯ ಕಾಲೇಜು ಇದೆ, ಅದೇ ಊರಿನಲ್ಲಿ ದೃಶ್ಯಕಲಾ ಮಹಾವಿದ್ಯಾಲಯವೂ ಇದೆ. ಈ ಅನುಕೂಲ ಎಷ್ಟು ಊರುಗಳಿಗಿದೆ?

ಇನ್ನೂ ಹತ್ತಿರದ ಪಾಠಶಾಲೆ ಹರಿಹರದಲ್ಲಿದೆ. 13ನೇ ಶತಮಾನದ ಹೊಯ್ಸಳರ ಕಾಲದ ಹರಿಹರೇಶ್ವರ ಗುಡಿ. ಒಂದೇ ಮೂರ್ತಿ, ಬಲಗಡೆ ಹರ, ಎಡಗಡೆ ಹರಿ. ಹರಿಹರ ಮೂರ್ತಿಯ ಒಂದು ದೊಡ್ಡ ಫೋಟೊ ಇಟ್ಟುಕೊಂಡು ಆರೇಳು ವಿದ್ಯಾರ್ಥಿಗಳನ್ನು ಕೂರಿಸಿ. ಐದು ನಿಮಿಷ ಯಾರೂ ಮಾತಾಡಬಾರದು. ಆಮೇಲೆ ಒಬ್ಬೊಬ್ಬರೂ ಒಂದೊಂದು ವ್ಯತ್ಯಾಸ ಹೇಳಬೇಕು: ತಲೆಯ ಮೇಲಿನದು, ಕೈಯಲ್ಲಿ ಹಿಡಿದದ್ದು, ಒಡವೆ, ಉಡುಗೆಯ ಅಂಚು. "ಬಲಗಡೆ ಶಿವ" ಅಂದವರಿಗೆ "ಯಾರ ಬಲ?" ಅಂತ ಕೇಳಿ. ನೋಡುವವರ ಎಡ ಮೂರ್ತಿಯ ಬಲ. ಎದೆಯ ಎಕ್ಸ್‌ರೇ ಹಿಡಿದಾಗ ಹೊಸಬರು ತಪ್ಪೋದೂ ಇಲ್ಲೇ. ದೇಹ ತಪಾಸಣೆಯ ಮೂಲ ನಿಯಮವೇ ಎರಡು ಬದಿ ಹೋಲಿಸಿ ನೋಡೋದು. ಒಂದು ಕಣ್ಣುರೆಪ್ಪೆ ಚೂರು ಇಳಿದಿದೆಯಾ, ನಕ್ಕಾಗ ಬಾಯಿ ಒಂದು ಕಡೆ ಹೋಗುತ್ತಾ, ಉಸಿರೆಳೆದಾಗ ಎದೆಯ ಎರಡೂ ಬದಿ ಸಮ ಏಳುತ್ತಾ. ಕಲ್ಲಿನಲ್ಲಿ ಈ ವ್ಯತ್ಯಾಸ ಹುಡುಕಿದ ಕಣ್ಣು ಮುಖದಲ್ಲೂ ಹುಡುಕುತ್ತೆ.

ಈ ತರಗತಿ ಕೆಡೋದಕ್ಕೆ ಎರಡು ಕಾರಣ. ಮೇಷ್ಟ್ರು ಮೊದಲೇ ಪುರಾಣ ಹೇಳಿಬಿಡೋದು. ಹೆಸರು ಗೊತ್ತಾದ ಮೇಲೆ ಕಣ್ಣು ನೋಡೋದು ನಿಲ್ಲಿಸುತ್ತೆ. ವಾರ್ಡಿನಲ್ಲೂ ಹಾಗೇ, ಹಳೇ ಡಿಸ್ಚಾರ್ಜ್ ಕಾರ್ಡ್ ಓದಿಕೊಂಡು ಹೋದವರಿಗೆ ಅದರಲ್ಲಿದ್ದದ್ದೇ ಕಾಣುತ್ತೆ. ಇನ್ನೊಂದು, ನೂರೈವತ್ತು ಜನರನ್ನು ಹಾಲ್‌ನಲ್ಲಿ ಕೂರಿಸಿ ಸ್ಲೈಡ್ ಓಡಿಸೋದು. ಅದರಿಂದ ಹಾಜರಾತಿ ಬಿಟ್ಟು ಬೇರೇನೂ ಸಿಗೋದಿಲ್ಲ.

ಸಂಗೀತದ ಬಗ್ಗೆ ಒಂದೇ ಮಾತು. ಎದೆಯನ್ನು ಬೆರಳಿನಿಂದ ತಟ್ಟಿ ನೋಡುವ ವಿಧಾನವನ್ನು 1761ರಲ್ಲಿ ಬರೆದ ಆಸ್ಟ್ರಿಯಾದ ವೈದ್ಯ ಆವೆನ್‌ಬ್ರುಗರ್ ಸಂಗೀತ ಬಲ್ಲವರು, ಒಪೆರಾಕ್ಕೆ ಸಾಹಿತ್ಯ ಬರೆದವರು. 1816ರಲ್ಲಿ ಸ್ಟೆಥಾಸ್ಕೋಪ್ ಕಂಡುಹಿಡಿದ ಫ್ರಾನ್ಸಿನ ವೈದ್ಯ ಲೆನೆಕ್ ಕೊಳಲು ನುಡಿಸುತ್ತಿದ್ದರು. ನಮ್ಮ ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಲ್ಲಿ ತಟ್ಟಿ ಬಿರುಕು ಕಂಡುಹಿಡಿಯುತ್ತಾರಲ್ಲ, ಅದೇ ವಿದ್ಯೆ.

ನಾಟಕ ಬೇರೆಯದೇ ಕಲಿಸುತ್ತೆ. 2019ರಿಂದ ಎಂಬಿಬಿಎಸ್‌ನಲ್ಲಿ ನಡತೆ, ನೀತಿ, ಸಂವಹನದ ಏಟ್‌ಕಾಮ್ ತರಗತಿಗಳಿವೆ. ಕೆಟ್ಟ ಸುದ್ದಿ ತಿಳಿಸೋದು ಹೇಗೆ ಅಂತ ವಿದ್ಯಾರ್ಥಿಗಳೇ ರೋಗಿ, ಡಾಕ್ಟರ್ ಆಗಿ ಅಭಿನಯಿಸುತ್ತಾರೆ. ಸಾಮಾನ್ಯವಾಗಿ ಅದು ನಗೆನಾಟಕವಾಗಿ ಮುಗಿಯುತ್ತೆ, ಯಾಕಂದರೆ ಗೆಳೆಯನ ಮುಂದೆ ಅಳಲು ಯಾರಿಗೂ ಬರೋದಿಲ್ಲ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ನಾಟಕ ಕಂಪನಿಯ ಊರು ದಾವಣಗೆರೆ, ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ರಂಗಶಾಲೆಯೇ ಇದೆ. ರೋಗಿಯ ಪಾತ್ರಕ್ಕೆ ಒಬ್ಬ ಕಲಾವಿದರನ್ನು ಕರೆಸಿ, ಗೌರವಧನ ಕೊಡಿ. ಏಳು ನಿಮಿಷದ ದೃಶ್ಯ, ಹದಿನೈದು ನಿಮಿಷ ಚರ್ಚೆ. ಮೊದಲು ಮಾತಾಡಬೇಕಾದವರು ರೋಗಿಯ ಪಾತ್ರಧಾರಿ: ಯಾವ ಮಾತಿಗೆ ಎದೆ ಧಸಕ್ಕೆಂದಿತು, ಯಾವಾಗಿನಿಂದ ಡಾಕ್ಟರ ಮಾತು ಕಿವಿಗೆ ಬೀಳಲಿಲ್ಲ. ಆಮೇಲೆ ಅದೇ ದೃಶ್ಯ ಇನ್ನೊಮ್ಮೆ. ಕ್ಯಾನ್ಸರ್ ಅಂದ ಮೇಲೆ ಹತ್ತು ಸೆಕೆಂಡ್ ಸುಮ್ಮನಿರೋದು ಎಷ್ಟು ಕಷ್ಟ ಅಂತ ಎರಡನೇ ಸಲ ಗೊತ್ತಾಗುತ್ತೆ. ಆ ಚರ್ಚೆ ಕೈಬಿಟ್ಟರೆ ಇಡೀ ಕಸರತ್ತು ದಂಡ.

ಕಡೆಯದಾಗಿ ಚರಿತ್ರೆ. ಹತ್ತಿ ಮಿಲ್ಲುಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನಿಸಿಕೊಂಡಿದ್ದ ದಾವಣಗೆರೆಯಲ್ಲಿ ವಯಸ್ಸಾದವರು ದಮ್ಮು ಅಂತ ಬಂದರೆ ಬೀಡಿ ಸೇದ್ತೀರಾ ಅಂತಷ್ಟೇ ಕೇಳಿ ಬಿಡಬಾರದು. ಹತ್ತಿಯ ದೂಳು ಕುಡಿದವರಿಗೆ ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನ ಎದೆ ಬಿಗಿಯುತ್ತೆ, ವರ್ಷಗಟ್ಟಲೆ ಆದಮೇಲೆ ಅದೇ ಕಾಯಂ ಆಗುತ್ತೆ. ಮಿಲ್ಲಿನಲ್ಲಿ ಎಷ್ಟು ವರ್ಷ, ಯಾವ ಖಾತೆಯಲ್ಲಿ ಅನ್ನೋದೂ ಕೇಸ್ ಶೀಟಿಗೆ ಬರಬೇಕು. ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ದುಡಿದವರಿಗೂ ಇದೇ ಮಾತು.

ಚಿತ್ರದುರ್ಗ ಜಿಲ್ಲೆಯ ಬೋರ್‌ವೆಲ್ ನೀರಿನದು ಇನ್ನೂ ಸೂಕ್ಷ್ಮ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು; ಅನೇಕ ಹಳ್ಳಿಗಳಲ್ಲಿ ಮೀರಿದೆ. ಹಲ್ಲಿನ ಕಂದು ಕಲೆ ನೋಡಿ ಫ್ಲೋರೋಸಿಸ್ ಅಂತ ಗುರುತಿಸೋದು ಎಲ್ಲರಿಗೂ ಗೊತ್ತು. ಆದರೆ ಕಲೆ ಬೀಳೋದು ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ, ಹೆಚ್ಚೆಂದರೆ ಎಂಟು ವರ್ಷದೊಳಗೆ ಆ ನೀರು ಕುಡಿದವರಿಗೆ ಮಾತ್ರ. ಮೂಳೆಗೆ ಹಾಗಿಲ್ಲ, ಯಾವ ವಯಸ್ಸಿನಲ್ಲಾದರೂ ವರ್ಷಾನುಗಟ್ಟಲೆ ಕುಡಿದರೆ ಬಿಗಿಯುತ್ತೆ. ಮಲೆನಾಡಿನಲ್ಲಿ ಹುಟ್ಟಿ ಇಲ್ಲಿಗೆ ಸೊಸೆಯಾಗಿ ಬಂದವರ ಹಲ್ಲು ಬೆಳ್ಳಗಿರುತ್ತೆ, ಬೆನ್ನು ಬಗ್ಗೋದಿಲ್ಲ. ಹಲ್ಲು ನೋಡಿ ಸುಮ್ಮನಾದರೆ ವಾತ ಅಂತ ವರ್ಷಗಟ್ಟಲೆ ನೋವಿನ ಮಾತ್ರೆ ನುಂಗಿಸುತ್ತೀವಿ. ಕಥೆ ಕೇಳಿ ಬೆಳೆದವರಿಗೆ ಆ ಪ್ರಶ್ನೆ ತಾನಾಗಿ ಬಾಯಿಗೆ ಬರುತ್ತೆ: "ನಿಮ್ಮ ತವರು ಯಾವ್ದಮ್ಮ? ಈ ಊರಿಗೆ ಬಂದು ಎಷ್ಟು ವರ್ಷ ಆಯ್ತು? ಅವತ್ತಿಂದ ಎಲ್ಲಿ ನೀರು ಕುಡೀತಿದೀರಿ?"