ವೈರ್ ಓಕೆ ಇದೆಯಂತೆ ಸಾರ್!

14,300 ರೂಪಾಯಿ. ಸರ್ವಿಸ್ ಸೆಂಟರ್ ಕೊಟ್ಟ ಬಿಲ್ ಇಲ್ಲೇ ಟೇಬಲ್ ಮೇಲಿದೆ. ಹೊಸ ಫ್ಯುಯಲ್ ಪಂಪ್, ಇಂಜೆಕ್ಟರ್ ಕ್ಲೀನಿಂಗ್, ಥ್ರಾಟಲ್ ಬಾಡಿ ಕ್ಲೀನಿಂಗ್, ಲೇಬರ್, ಜಿಎಸ್‌ಟಿ. ಕೊನೆಗೆ ‘ಕನ್ಸ್ಯೂಮಬಲ್ಸ್ 350’ ಅಂತ ಒಂದು ಸಾಲು. ಅದೇನಪ್ಪಾ ಅಂತ ಕೇಳಿದರೆ ‘ಬಟ್ಟೆ, ಗ್ರೀಸ್ ಎಲ್ಲ ಸಾರ್’. ಒರೆಸಿದ ಬಟ್ಟೆಗೂ ನಾನೇ ದುಡ್ಡು ಕೊಟ್ಟೆ. ಗಾಡಿ ಮಾತ್ರ ಮಿಸ್ಸಿಂಗ್ ಹೊಡೆಯುವುದನ್ನು ಬಿಡಲಿಲ್ಲ.

ನನ್ನದು 2014ರ ಪೆಟ್ರೋಲ್ ಗಾಡಿ, ನಾಲ್ಕು ಸಿಲಿಂಡರ್. ಮೇ ತಿಂಗಳಲ್ಲಿ ಸರ್ವಿಸ್‌ಗೆ ಬಿಟ್ಟಿದ್ದೆ, ಚೆನ್ನಾಗಿಯೇ ಇತ್ತು. ಜೂನ್‌ನಲ್ಲಿ ಮಳೆ ಹಿಡಿಯಿತು, ಜರ್ಕ್ ಶುರುವಾಯಿತು. ಒಣ ರಸ್ತೆಯಲ್ಲಿ ಏನೂ ಇಲ್ಲ. ಮಳೆ ಬಂದು, ಏರು ಸಿಕ್ಕಿ, ಸ್ವಲ್ಪ ಜಾಸ್ತಿ ಆಕ್ಸಿಲರೇಟರ್ ಒತ್ತಿದರೆ ಗಾಡಿ ಕೆಮ್ಮುತ್ತದೆ. ಇದನ್ನೇ ಹೀಗೆ ಹೀಗೆ ಅಂತ ಬಿಡಿಸಿ ಹೇಳಿದ್ದೆ. ಅಡ್ವೈಸರ್ ಮಹಾಶಯರು ಜಾಬ್ ಕಾರ್ಡ್‌ನಲ್ಲಿ ಬರೆದುಕೊಂಡಿದ್ದು ಎರಡೇ ಪದ, ‘ಪಿಕಪ್ ಪ್ರಾಬ್ಲಂ’. ಮಳೆ ಎಲ್ಲಿ ಹೋಯಿತು? ಏರು ಎಲ್ಲಿ ಹೋಯಿತು?

ಸ್ಕ್ಯಾನರ್ ಹಾಕಿದರು. ಪಿ0303 ಬಂತು. ಮೂರನೇ ಸಿಲಿಂಡರ್‌ನಲ್ಲಿ ಮಿಸ್‌ಫೈರ್, ಅಂದರೆ ಅಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಅಂತ ಅದರ ಅರ್ಥ. ಅದು ಯಾವ ಸಿಲಿಂಡರ್ ಅಂತ ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಯಾಕೆ ಅಂತ ಹುಡುಕಬೇಕಾದವರು ಇವರು. ಹುಡುಕಿ ಹೇಳಿದ್ದೇನು? ‘ಸಾರ್, ಫ್ಯುಯಲ್ ಪಂಪ್ ವೀಕ್ ಆಗಿದೆ.’ ಅಯ್ಯಾ, ಪಂಪ್ ನಾಲ್ಕೂ ಸಿಲಿಂಡರ್‌ಗೆ ಪೆಟ್ರೋಲ್ ಕಳಿಸುತ್ತದೆ. ಅದು ಸೋತರೆ ಮೂರನೆಯದಕ್ಕೆ ಮಾತ್ರ ಉಪವಾಸವೇ? ಆಗ ಈ ಪ್ರಶ್ನೆ ನನಗೆ ಹೊಳೆಯಲಿಲ್ಲ. ಹೂಂ ಅಂದೆ. ನನ್ನ ತಪ್ಪು.

ಪಂಪ್ ಹಾಕಿಸಿಕೊಂಡು ಉಡುಪಿಗೆ ಹೋದೆವು. ಹೋಗುವಾಗ ಇಳಿಜಾರು, ಗೊತ್ತಾಗಲಿಲ್ಲ. ವಾಪಸ್ ಬರುವಾಗ ಆಗುಂಬೆ ಘಾಟಿ. ಸೋಮೇಶ್ವರ ದಾಟುತ್ತಲೇ ಮಳೆ, ಅದೂ ಜುಲೈ ಮಳೆ. ತಿರುವು ಹದಿನಾಲ್ಕು, ನಾವು ಆರೋ ಏಳೋ ಹತ್ತಿರಬೇಕು, ಗಾಡಿ ದಡಬಡ ಅನ್ನತೊಡಗಿತು. ಚೆಕ್ ಎಂಜಿನ್ ಲೈಟ್ ಪಿಳಿಪಿಳಿ. ಹಿಂದೆ ಮಿನಿ ಬಸ್ಸಿನ ಹಾರನ್. ಹಿಂದಿನ ಸೀಟಿನಿಂದ ಅಮ್ಮ, ‘ನಾನು ಇಳಿದು ನಡೀಲೇನೋ, ಭಾರ ಕಮ್ಮಿ ಆಗತ್ತೆ’ ಅಂದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮರುದಿನ ಮತ್ತೆ ಅಲ್ಲಿಗೇ. ಶೆಡ್ಡಿನೊಳಗೆ, ನ್ಯೂಟ್ರಲ್‌ನಲ್ಲಿ ಎರಡು ಸಲ ರೇಸ್ ಮಾಡಿ ‘ಸ್ಮೂತ್ ಇದೆಯಲ್ಲ ಸಾರ್’ ಅಂದರು. ಇರದೆ ಏನು? ಅಲ್ಲಿ ಮಳೆಯೂ ಇಲ್ಲ, ಘಾಟಿಯೂ ಇಲ್ಲ! ಲೈಟ್ ಪಿಳಿಪಿಳಿ ಅಂದಿದ್ದು ಹೇಳಿದೆ. ‘ಏನಾಗಲ್ಲ, ಓಡಿಸಿ ಸಾರ್.’ ಇದಕ್ಕೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಆ ಲೈಟ್ ಸುಮ್ನೆ ಹತ್ತಿಕೊಂಡಿದ್ದರೆ ಒಂದು ಮಾತು, ಪಿಳಿಪಿಳಿ ಅಂದರೆ ಬೇರೆ ಮಾತು. ಸುಡದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿದು ಅದನ್ನೇ ಹಾಳುಮಾಡುತ್ತದೆ. ಆಮೇಲೆ ಅದಕ್ಕೆ ಹತ್ತಾರು ಸಾವಿರದ ಬಿಲ್.

ಪ್ಲಗ್ ವೈರ್, ಅಂದರೆ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ಗಿಗೆ ಕರೆಂಟ್ ಒಯ್ಯುವ ವೈರ್, ನೋಡಿದಿರಾ ಅಂತ ಕೇಳಿದೆ. ಮೀಟರ್ ಇಟ್ಟು ತೋರಿಸಿದರು, ನಾಲ್ಕೂ ವೈರ್ ಆರೇಳು ಕಿಲೋ ಓಮ್. ‘ವೈರ್ ಓಕೆ ಇದೆ ಸಾರ್. ಕಾಯಿಲ್ ಪ್ಯಾಕ್ ಹಾಕಿ ನೋಡೋಣ. ಅದಕ್ಕೂ ಹೋಗಲಿಲ್ಲ ಅಂದ್ರೆ ಇಸಿಎಂ.’ ಕಾಯಿಲ್ ಪ್ಯಾಕ್ ಅಂದರೆ ಆ ಕರೆಂಟ್ ತಯಾರಿಸುವ ಭಾಗ, ಇಸಿಎಂ ಅಂದರೆ ಎಂಜಿನ್ನಿನ ಕಂಪ್ಯೂಟರ್. ಹಾಕಿ ನೋಡೋಣವಂತೆ! ನನ್ನ ದುಡ್ಡಿನಲ್ಲಿ. ಕೀ ಕಿತ್ತುಕೊಂಡು ಮನೆಗೆ ಬಂದೆ.

ಭಾನುವಾರ ನಾನೇ ಮೂರನೇ ಪ್ಲಗ್ಗನ್ನು ಎರಡಕ್ಕೆ, ಎರಡರದ್ದನ್ನು ಮೂರಕ್ಕೆ ಹಾಕಿ, ಮಳೆಯಲ್ಲಿ ಒಂದು ಸುತ್ತು ಹೊಡೆದೆ. ಕೋಡ್ ಮೂರರಲ್ಲೇ ಕೂತಿತ್ತು. ಅಂದರೆ ಪ್ಲಗ್ ಅಲ್ಲ. ಇಷ್ಟಕ್ಕೆ ಬೇಕಾಗಿದ್ದು ಒಂದು ಪ್ಲಗ್ ಸ್ಪ್ಯಾನರ್, ಆರುನೂರು ರೂಪಾಯಿಯ ಬ್ಲೂಟೂತ್ ಸ್ಕ್ಯಾನರ್.

ಅವತ್ತು ರಾತ್ರಿ ಕರೆಂಟ್ ಹೋಯಿತು. ಮಳೆಗಾಲದಲ್ಲಿ ನಮ್ಮ ಕಡೆ ಅದೇನು ಹೊಸದಲ್ಲ. ಕಗ್ಗತ್ತಲು. ಗಾಡಿ ಸ್ಟಾರ್ಟ್ ಮಾಡಿ, ಬಾನೆಟ್ ಎತ್ತಿ, ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಿಂದ ವೈರ್‌ಗಳ ಮೇಲೆ ದೂರದಿಂದ ಸಣ್ಣಗೆ ನೀರು ಹೊಡೆದೆ. ಟಿಕ್. ಟಿಕ್ ಟಿಕ್. ಗ್ಯಾಸ್ ಲೈಟರ್ ಒತ್ತಿದ ಹಾಗೆ ಸದ್ದು. ಮೂರನೇ ವೈರಿನ ನಡುವಿನಿಂದ ಪಕ್ಕದ ಕಬ್ಬಿಣದ ಬ್ರಾಕೆಟ್‌ಗೆ ಪುಟ್ಟ ನೀಲಿ ಕಿಡಿ ಹಾರುತ್ತಿತ್ತು. ಎಂಜಿನ್ ಅದಕ್ಕೆ ತಕ್ಕ ಹಾಗೆ ಗಡಗಡ. (ಯಾರೂ ಓಡುವ ಎಂಜಿನ್‌ನ ಆ ವೈರ್ ಮುಟ್ಟಲು ಹೋಗಬೇಡಿ. ಅದರಲ್ಲಿ ಇಪ್ಪತ್ತು ಮೂವತ್ತು ಸಾವಿರ ವೋಲ್ಟ್ ಇರುತ್ತದೆ.)

ಬೆಳಿಗ್ಗೆ ಬಿಚ್ಚಿ ನೋಡಿದೆ. ರಬ್ಬರ್ ಸವೆದು ಸೂಜಿಮೊನೆಯಷ್ಟು ತೂತು, ಸುತ್ತ ಬೂದಿ ಬಣ್ಣ. ಮೀಟರ್ ಯಾಕೆ ಓಕೆ ಅಂದಿತು ಅಂತ ಆಗ ಅರ್ಥವಾಯಿತು. ಮೀಟರ್ ಅಳೆಯುವುದು ಒಳಗಿನ ಎಳೆಯನ್ನು. ಎಳೆ ತುಂಡಾಗಿರಲಿಲ್ಲ, ಹೋಗಿದ್ದು ಮೇಲಿನ ಸಿಪ್ಪೆ. ಏರಿನಲ್ಲಿ ಸಿಲಿಂಡರ್ ಒಳಗೆ ಒತ್ತಡ ಜಾಸ್ತಿ, ಪ್ಲಗ್ಗಿನ ಒಂದು ಮಿಲಿಮೀಟರ್ ಸಂದು ಹಾರಲು ಹೆಚ್ಚು ವೋಲ್ಟ್ ಬೇಕು. ಹೊರಗೆ ಒದ್ದೆ ತೂತು ಇರುವಾಗ ಕರೆಂಟ್ ಅಷ್ಟು ಕಷ್ಟಪಡುವುದೇಕೆ? ಸುಲಭದ ದಾರಿ ಹಿಡಿದು ಬ್ರಾಕೆಟ್‌ಗೆ ಹಾರಿತು.

ಆ ವೈರ್ ಬ್ರಾಕೆಟ್‌ಗೆ ಉಜ್ಜುತ್ತಿದ್ದದ್ದು ಯಾಕೆ ಗೊತ್ತಾ? ಅದನ್ನು ಹಿಡಿದಿಡುವ ಪ್ಲಾಸ್ಟಿಕ್ ಕ್ಲಿಪ್ ಖಾಲಿ ಇತ್ತು. ಮೇ ತಿಂಗಳ ಸರ್ವಿಸ್‌ನಲ್ಲಿ ಪ್ಲಗ್ ತೆಗೆದವರು ವೈರನ್ನು ವಾಪಸ್ ಕ್ಲಿಪ್ಪಿಗೆ ಸಿಕ್ಕಿಸಿಯೇ ಇರಲಿಲ್ಲ. ಅಂದರೆ ರೋಗ ಅಂಟಿಸಿದವರೂ ಇವರೇ, ಔಷಧಿ ಮಾರಿದವರೂ ಇವರೇ!

ನಾಲ್ಕು ವೈರಿನ ಸೆಟ್‌ಗೆ 1,650 ರೂಪಾಯಿ. ಹಾಕಲು ಇಪ್ಪತ್ತು ನಿಮಿಷ. ಮೊನ್ನೆ ಜೋರು ಮಳೆಯಲ್ಲೇ ಘಾಟಿ ಹತ್ತಿದೆ, ಒಂದು ಜರ್ಕ್ ಇಲ್ಲ. ಅಮ್ಮ ನಿದ್ದೆ ಹೋಗಿದ್ದಳು.

ಇವತ್ತು ಬೆಳಿಗ್ಗೆ ಅಲ್ಲಿಂದ ಫೋನ್. ‘ಸಾರ್, ಫೀಡ್‌ಬ್ಯಾಕ್‌ಗೆ ಹತ್ತಕ್ಕೆ ಹತ್ತು ಹಾಕಿ, ಪ್ಲೀಸ್.’ ಪಾಪ, ಆ ಹುಡುಗಿಗೆ ಬಯ್ದು ಏನು ಪ್ರಯೋಜನ? ನನ್ನ ಹಳೇ ಪಂಪ್ ಎಲ್ಲಮ್ಮಾ, ಅದನ್ನಾದರೂ ಕೊಡಿ ಅಂದೆ. ಒಂದು ನಿಮಿಷ ಹೋಲ್ಡ್‌ನಲ್ಲಿಟ್ಟು ಬಂದು, ‘ಅದು ಸ್ಕ್ರ್ಯಾಪ್‌ಗೆ ಹೋಗಿದೆಯಂತೆ ಸಾರ್’ ಅಂದಳು. ಏನೂ ಆಗದ ಪಂಪ್ ಅದು. ಈಗ ಯಾರ ಗಾಡಿಯಲ್ಲಿ ಕೂತು ಪೆಟ್ರೋಲ್ ಎಳೆಯುತ್ತಿದೆಯೋ.