ಬೇಲಿಗೆ ಇನ್ನೂ ಕೆಲಸ ಇದೆಯಾ?

ಸ್ವಲ್ಪ ಉದ್ದ ಆಗಿದೆ. ಪುರುಸೊತ್ತು ಇದ್ದಾಗ ಓದಿ.

ಮೊನ್ನೆ ನಮ್ಮ ಹಳೇ ಕ್ಲಾಸ್‌ಮೇಟ್‌ಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬ "ನ್ಯಾಟೋ ಕಥೆ ಮುಗೀತು, ಮರ್ಯಾದೆಯಿಂದ ಬಾಗಿಲು ಹಾಕ್ಕೊಂಡ್ರೆ ಒಳ್ಳೇದು" ಅಂತ ಹಾಕಿದ. ನ್ಯಾಟೋ ಅಂದರೆ ಅಮೆರಿಕ, ಕೆನಡಾ, ಯುರೋಪಿನ ದೇಶಗಳ ಸೇನಾ ಕೂಟ. ಕೆಳಗೆ ಸಾಲಾಗಿ ಚಪ್ಪಾಳೆ. ಹದಿನೈದು ವರ್ಷದ ಹಿಂದಾಗಿದ್ದರೆ ನಾನೂ ಒಂದು ಚಪ್ಪಾಳೆ ಒತ್ತಿ ಮಲಗುತ್ತಿದ್ದೆ. ಈ ಸಲ ಬೆರಳು ತಡೆಯಿತು. ಯಾಕೆ ಅಂತ ಹೇಳಬೇಕಾದರೆ ಅಂಜುದೀವದಿಂದ ಶುರು ಮಾಡಬೇಕು.

ನಾನು ಕಾರವಾರದ ಕಡೆಯವನು. ಬಿಣಗಾ ದಡದಲ್ಲಿ ನಿಂತರೆ ಅಂಜುದೀವ ದ್ವೀಪ ಕಾಣುತ್ತದೆ. ಈಗ ಅದು ನೌಕಾನೆಲೆಯ ಭಾಗ. ಅಲೆತಡೆ ಗೋಡೆ ಕಟ್ಟಿ ದಡಕ್ಕೆ ಸೇರಿಸಿಬಿಟ್ಟಿದ್ದಾರೆ, ನಮ್ಮಂಥವರು ಸುಮ್ನೆ ಹೋಗುವ ಹಾಗಿಲ್ಲ. 1961ರವರೆಗೆ ಅಲ್ಲಿ ಹಾರುತ್ತಿದ್ದದ್ದು ಪೋರ್ಚುಗೀಸ್ ಬಾವುಟ. ಆ ವರ್ಷ ನವೆಂಬರ್‌ನಲ್ಲಿ ಪಕ್ಕದಲ್ಲಿ ಹಾದುಹೋಗುತ್ತಿದ್ದ ಸಾಬರಮತಿ ಅನ್ನುವ ಹಡಗಿನ ಮೇಲೆ ಅಲ್ಲಿಂದ ಗುಂಡು ಹಾರಿತು. ಡಿಸೆಂಬರ್ 18ಕ್ಕೆ ನಮ್ಮ ಐಎನ್‌ಎಸ್ ಮೈಸೂರು, ಐಎನ್‌ಎಸ್ ತ್ರಿಶೂಲ್ ಹಡಗುಗಳು ಅಲ್ಲಿಗೆ ಬಂದವು. ಅಷ್ಟು ಚಿಕ್ಕ ದ್ವೀಪವನ್ನು ಹಿಡಿಯಲು ನೌಕಾಪಡೆಯ 7 ಜನ ಪ್ರಾಣ ಕೊಟ್ಟರು.

ನಮ್ಮ ಅಜ್ಜನದು ಆಗ ಚಹಾ ಅಂಗಡಿ. ಆ ದಿನಗಳಲ್ಲಿ ಊರನ್ನು ಗುಂಡಿನ ಸದ್ದಿಗಿಂತ ಜಾಸ್ತಿ ಹೆದರಿಸಿದ್ದು ಒಂದು ಗಾಳಿಸುದ್ದಿಯಂತೆ. "ಪೋರ್ಚುಗೀಸರ ಹಿಂದೆ ಅಮೆರಿಕದವರಿದ್ದಾರೆ, ಬ್ರಿಟಿಷರಿದ್ದಾರೆ. ಎಲ್ಲರೂ ಒಂದೇ ಕೂಟ. ಒಬ್ಬನ ಮೇಲೆ ಕೈ ಮಾಡಿದ್ರೆ ಎಲ್ಲರೂ ಬರ್ತಾರೆ" ಅಂತ. ನ್ಯಾಟೋ ಅನ್ನುವ ಹೆಸರು ಅಜ್ಜನಿಗೆ ಗೊತ್ತಿತ್ತೋ ಇಲ್ಲವೋ. ಆದರೆ ನ್ಯಾಟೋದ ತಿರುಳು ಅದೇ ಅಲ್ವಾ?

ಯಾರೂ ಬರಲಿಲ್ಲ. ಡಿಸೆಂಬರ್ 19ಕ್ಕೆ ಗೋವಾ ನಮ್ಮದಾಯಿತು. ಅಮೆರಿಕ, ಬ್ರಿಟನ್, ಫ್ರಾನ್ಸ್ ಮೂರೂ ಭದ್ರತಾ ಮಂಡಳಿಯಲ್ಲಿ ನಮ್ಮ ವಿರುದ್ಧ ಕೈ ಎತ್ತಿದವು, ಸೋವಿಯತ್ ರಷ್ಯಾ ವೀಟೋ ಹಾಕಿತು, ಮುಗೀತು. ಬ್ರಿಟನ್‌ಗೂ ಪೋರ್ಚುಗಲ್‌ಗೂ 1373ರಿಂದ ಒಪ್ಪಂದ ಇದೆ. ಜಗತ್ತಿನಲ್ಲೇ ಅತಿ ಹಳೆಯದು ಅಂತಾರೆ. ಅದೂ ಪೋರ್ಚುಗಲ್‌ನ ಕೈಹಿಡಿಯಲಿಲ್ಲ.

ಯಾಕೆ ಬರಲಿಲ್ಲ ಅನ್ನುವುದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ, ನ್ಯಾಟೋ ಒಪ್ಪಂದವನ್ನೇ ಓದಿದಾಗ. ಅದರಲ್ಲಿ ಇರುವುದು ಬರೀ 14 ಕಲಂ. ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಅನ್ನುವ 5ನೇ ಕಲಂ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನಗೆ ಕಂಡದ್ದು 6ನೇದು. ಯಾವ ಜಾಗಕ್ಕೆ ಈ ರಕ್ಷಣೆ ಅನ್ವಯ ಅಂತ ಗೆರೆ ಹಾಕುವ ಕಲಂ ಅದು. ಯುರೋಪ್, ಉತ್ತರ ಅಮೆರಿಕ, ಉತ್ತರ ಅಟ್ಲಾಂಟಿಕ್‌ನಲ್ಲಿ ಕರ್ಕಾಟಕ ವೃತ್ತಕ್ಕಿಂತ ಮೇಲಿರುವ ದ್ವೀಪಗಳು, ಹೀಗೆ. ನಿಮ್ಮ ವಸಾಹತುಗಳಿಗಾಗಿ ನಮ್ಮ ಹುಡುಗರು ಸಾಯುವುದಿಲ್ಲ ಅಂತ ಅಮೆರಿಕ ಮೊದಲೇ ಬೇಲಿ ಹಾಕಿಟ್ಟಿತ್ತು. ಗೋವಾ ಆ ಬೇಲಿಯ ಹೊರಗೆ. 1982ರಲ್ಲಿ ಅರ್ಜೆಂಟೀನಾ ಮುತ್ತಿದ ಬ್ರಿಟನ್‌ನ ಫಾಕ್‌ಲ್ಯಾಂಡ್ ದ್ವೀಪಗಳೂ ಹೊರಗೇ. ತಮಾಷೆ ಅಂದರೆ ಅಮೆರಿಕದ್ದೇ ಹವಾಯಿ ಕೂಡ ಹೊರಗೆ.

ಹಾಗಂತ ನ್ಯಾಟೋ ನಮ್ಮ ಪಾಲಿಗೆ ಸಭ್ಯವಾಗಿತ್ತು ಅಂತಲ್ಲ. 1955ರಲ್ಲಿ ಅಮೆರಿಕದ ವಿದೇಶಾಂಗ ಸಚಿವ ಡಲ್ಲೆಸ್ ಗೋವಾವನ್ನು ಪೋರ್ಚುಗಲ್‌ನ ಪ್ರಾಂತ್ಯ ಅಂದುಬಿಟ್ಟಿದ್ದರು. 1949ರ ಏಪ್ರಿಲ್ 4ಕ್ಕೆ ವಾಷಿಂಗ್ಟನ್‌ನಲ್ಲಿ ಸಹಿ ಹಾಕಿದ 12 ದೇಶಗಳಲ್ಲಿ ಸಾಲಜಾರ್‌ನ ಸರ್ವಾಧಿಕಾರದ ಪೋರ್ಚುಗಲ್ಲೂ ಒಂದು. ಒಪ್ಪಂದದ ಮೊದಲ ಸಾಲುಗಳಲ್ಲೇ ಪ್ರಜಾಪ್ರಭುತ್ವ, ಸ್ವಾತಂತ್ರ್ಯ ಎಲ್ಲ ಇವೆ. ಈ ಮಾತು ಬಂದಾಗೆಲ್ಲ ನನಗೆ ಇವತ್ತಿಗೂ ನಗು ಬರುತ್ತದೆ.

ನ್ಯಾಟೋದ ಮೊದಲ ಮಹಾ ಕಾರ್ಯದರ್ಶಿ ಲಾರ್ಡ್ ಇಸ್ಮೇ. ಹುಟ್ಟಿದ್ದು ನಮ್ಮ ನೈನಿತಾಲ್‌ನಲ್ಲಿ. 1947ರಲ್ಲಿ ಮೌಂಟ್‌ಬ್ಯಾಟನ್ ಜೊತೆ ದೆಹಲಿಯಲ್ಲಿದ್ದವರು. ರಷ್ಯನ್ನರನ್ನು ಹೊರಗೆ, ಅಮೆರಿಕನ್ನರನ್ನು ಒಳಗೆ, ಜರ್ಮನ್ನರನ್ನು ಕೆಳಗೆ ಇಡಲು ನ್ಯಾಟೋ ಇರುವುದು ಅಂತ ಅವರು ಹೇಳಿದ್ದರೆಂಬ ಮಾತು ಪ್ರಸಿದ್ಧ. ಈ ಮೂರರಲ್ಲಿ ಮೂರನೆಯದು ಪೂರ್ತಿ ತಿರುಗಿದೆ. ಜರ್ಮನಿ ಸೈನ್ಯಕ್ಕೆ ಇನ್ನೂ ಖರ್ಚು ಮಾಡಲಿ ಅಂತ ಈಗ ಉಳಿದವರೇ ಬೆನ್ನು ಹತ್ತಿದ್ದಾರೆ.

ಕಾಲೇಜಿನಲ್ಲಿ ನನ್ನ ವಾದ ಸರಳವಾಗಿತ್ತು. ಎದುರಾಳಿ ಸೋವಿಯತ್ ಬಣದ ಸೇನಾ ಕೂಟವಾದ ವಾರ್ಸಾ ಒಪ್ಪಂದ 1991ರ ಜುಲೈ 1ಕ್ಕೆ ಬರ್ಖಾಸ್ತಾಯಿತು, ಡಿಸೆಂಬರ್‌ನಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಕಳ್ಳನೇ ಇಲ್ಲದ ಊರಲ್ಲಿ ಕಾವಲುಗಾರನಿಗೆ ಸಂಬಳ ಯಾಕೆ? ಪಾಕಿಸ್ತಾನವನ್ನು ಸೇರಿಸಿಕೊಂಡಿದ್ದ ಸೀಟೋ, ಸೆಂಟೋ ಅನ್ನುವ ಸೇನಾ ಕೂಟಗಳು ಎರಡೂ ಎಪ್ಪತ್ತರ ದಶಕದಲ್ಲೇ ಕಣ್ಣು ಮುಚ್ಚಿದವು. 1965ರಲ್ಲೂ 1971ರಲ್ಲೂ ಪಾಕಿಸ್ತಾನಕ್ಕೆ ಅವುಗಳಿಂದ ಉಪಯೋಗ ಆಗಲಿಲ್ಲ. ಯಾರೂ ಅವುಗಳಿಗಾಗಿ ಅತ್ತಿಲ್ಲ. ನ್ಯಾಟೋ ಮಾತ್ರ ಯಾಕೆ ಉಳಿಯಬೇಕು?

ಈ ವಾದವನ್ನು ನನ್ನಿಂದ ಕಿತ್ತುಕೊಂಡವಳು ನನ್ನ ತಂಗಿಯ ಮಗಳು. ರಷ್ಯಾ ಪಕ್ಕದ ಎಸ್ಟೋನಿಯಾದ ತಾಲಿನ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಆ ಇಡೀ ದೇಶದಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯಷ್ಟು ಜನ ಇಲ್ಲ. ಅವಳು ಬಾಡಿಗೆಗಿರುವ ಮನೆಯ ಒಡತಿ ಎಂಬತ್ತು ದಾಟಿದ ಅಜ್ಜಿ. ಒಂದು ಸಲ ವಿಡಿಯೋ ಕಾಲ್‌ನಲ್ಲಿ ಅಜ್ಜಿಯ ಕಪಾಟಿನ ಮೇಲಿದ್ದ ಹೊಲಿಗೆ ಮಷಿನ್ ತೋರಿಸಿದಳು. ಮೇಜು ಇಲ್ಲ, ಕಾಲಿನ ಪೆಡಲ್ ಇಲ್ಲ, ಬರೀ ಮೇಲಿನ ಕಪ್ಪು ಕಬ್ಬಿಣದ ತಲೆ. 1949ರ ಮಾರ್ಚ್ 25ರ ರಾತ್ರಿ ಸೋವಿಯತ್ ಸೈನಿಕರು ಬಂದು, ಸಾಮಾನು ಕಟ್ಟಿ ಹೊರಡಿ ಅಂದಾಗ ಅಜ್ಜಿಯ ಅಮ್ಮ ಮೇಜಿನಿಂದ ಬಿಚ್ಚಿ ತೆಗೆದುಕೊಂಡದ್ದು ಅಷ್ಟೇ. ಅಜ್ಜಿಗೆ ಆಗ ಐದು ವರ್ಷ. ದನ ಸಾಗಿಸುವ ರೈಲು ಡಬ್ಬಿಯಲ್ಲಿ ಸೈಬೀರಿಯಾಕ್ಕೆ. ಅಲ್ಲಿ ಆ ತಲೆಯಿಂದಲೇ ಊರವರ ಬಟ್ಟೆ ಹೊಲಿದು ಹೊಟ್ಟೆ ಹೊರೆದರಂತೆ.

ಆ ಕೆಲವೇ ದಿನಗಳಲ್ಲಿ ಎಸ್ಟೋನಿಯಾ ಒಂದರಿಂದಲೇ 20,000ಕ್ಕೂ ಹೆಚ್ಚು ಜನರನ್ನು ಹಾಗೆ ಸಾಗಿಸಿದರು. ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ತಾರೀಖು ನೋಡಿ. ಅತ್ತ ವಾಷಿಂಗ್ಟನ್‌ನಲ್ಲಿ ನ್ಯಾಟೋಗೆ ಸಹಿ ಬೀಳಲು ಇನ್ನು ಹತ್ತು ದಿನ ಇತ್ತು.

ಇಂಥವರ ಮುಂದೆ ಹೋಗಿ "ಅಜ್ಜಿ, ರಷ್ಯಾದ ಭಯ ಎಲ್ಲ ಅಮೆರಿಕ ಹುಟ್ಟಿಸಿದ್ದು" ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ನ್ಯಾಟೋ ಪೂರ್ವಕ್ಕೆ ನುಗ್ಗಿತು ಅನ್ನುತ್ತೇವೆ. ಪೂರ್ವದವರೇ ಬಾಗಿಲು ಬಡಿದರು ಅನ್ನುವುದೂ ಅಷ್ಟೇ ನಿಜ. 2004ರಲ್ಲಿ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ಒಳಗೆ ಬಂದವು. ಈ ಮೂರಕ್ಕೂ ಸ್ವಂತ ಯುದ್ಧ ವಿಮಾನ ಇಲ್ಲ. ಉಳಿದ ದೇಶಗಳು ಪಾಳಿ ಹಾಕಿಕೊಂಡು ಅವರ ಆಕಾಶ ಕಾಯುತ್ತವೆ. 2025ರ ಸೆಪ್ಟೆಂಬರ್ 19ಕ್ಕೆ ರಷ್ಯಾದ ಮೂರು ಮಿಗ್-31 ಯುದ್ಧ ವಿಮಾನಗಳು ಎಸ್ಟೋನಿಯಾದ ಆಕಾಶಕ್ಕೆ ನುಗ್ಗಿ ಸುಮಾರು 12 ನಿಮಿಷ ಇದ್ದವು. ಹೊರಗೆ ಅಟ್ಟಲು ಎದ್ದದ್ದು ಇಟಲಿಯ ವಿಮಾನಗಳು. ಆ ಸಂಜೆ ನಾನು ಗಾಬರಿಯಲ್ಲಿ ಫೋನ್ ಮಾಡಿದರೆ ತಂಗಿಯ ಮಗಳು "ಏನಿಲ್ಲ ಮಾವ, ಅಂಗಡಿಗೆ ಬಂದಿದ್ದೀನಿ" ಅಂದಳು.

ಈಗ ಆ 5ನೇ ಕಲಂಗೆ ಬರೋಣ. ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಅನ್ನುವುದು ಸರಿ. ಆದರೆ ಮುಂದೆ ಓದಿದರೆ, ಪ್ರತಿ ದೇಶವೂ ತನಗೆ ಅಗತ್ಯ ಅನ್ನಿಸಿದ ಕ್ರಮ ಕೈಗೊಳ್ಳುತ್ತದೆ ಅಂತ ಇದೆ. ಯುದ್ಧಕ್ಕೆ ಬಂದೇ ಬರಬೇಕು ಅಂತಿಲ್ಲ. ಒಂದು ಖಂಡನಾ ಪತ್ರ ಕಳಿಸಿ ಕೂತರೂ ಕಾನೂನಿನ ಪ್ರಕಾರ ತಪ್ಪು ಹಿಡಿಯುವುದು ಕಷ್ಟ! ಹಾಗಾಗಿಯೇ ಕಾಗದದ ಜೊತೆ ಜನರನ್ನೂ ಇಟ್ಟಿದ್ದಾರೆ. 2017ರಿಂದ ಎಸ್ಟೋನಿಯಾದಲ್ಲಿ ಬ್ರಿಟನ್ನಿನ, ಲಾಟ್ವಿಯಾದಲ್ಲಿ ಕೆನಡಾದ, ಲಿಥುವೇನಿಯಾದಲ್ಲಿ ಜರ್ಮನಿಯ ನೇತೃತ್ವದ ತುಕಡಿಗಳಿವೆ. ರಷ್ಯಾ ಬಂದರೆ ತಡೆದು ನಿಲ್ಲಿಸುವಷ್ಟು ದೊಡ್ಡವಲ್ಲ. ಬಿದ್ದ ಮೊದಲ ಶೆಲ್‌ಗೆ ಎಲ್ಲೋ ಬರ್ಮಿಂಗ್‌ಹ್ಯಾಮ್‌ನ ಹುಡುಗ ಸತ್ತರೆ ಲಂಡನ್ ಸುಮ್ಮನೆ ಕೂರುವ ಹಾಗಿಲ್ಲ, ಅದಕ್ಕೆ. ಕ್ರೂರ ಲೆಕ್ಕ. ಆದರೆ ಇಲ್ಲಿಯವರೆಗೆ ನಡೆದಿದೆ.

ನಡೆದಿದೆ ಅನ್ನಲು ಕಾರಣ ಇದೆ. ರಷ್ಯಾ 2008ರಲ್ಲಿ ಜಾರ್ಜಿಯಾಕ್ಕೆ ನುಗ್ಗಿತು, 2014ರಲ್ಲಿ ಮತ್ತು 2022ರಲ್ಲಿ ಉಕ್ರೇನ್‌ಗೆ ನುಗ್ಗಿತು. ಎರಡೂ ಬೇಲಿಯ ಹೊರಗಿದ್ದವು. ಫಿನ್‌ಲ್ಯಾಂಡ್‌ಗೆ ರಷ್ಯಾ ಜೊತೆ 1,340 ಕಿ.ಮೀ. ಗಡಿ ಇದೆ. ಉಕ್ರೇನ್ ಯುದ್ಧ ನೋಡಿ ಹೆದರಿ 2023ರಲ್ಲಿ ನ್ಯಾಟೋ ಸೇರಿತು. ನ್ಯಾಟೋ ಹತ್ತಿರ ಬರುವುದೇ ಯುದ್ಧಕ್ಕೆ ಕಾರಣವಾಗಿದ್ದರೆ ಮೊದಲು ಅಲ್ಲಿ ಬೆಂಕಿ ಬೀಳಬೇಕಿತ್ತು. ಬೀಳಲಿಲ್ಲ. ಎರಡು ಶತಮಾನ ಯಾವ ಕೂಟಕ್ಕೂ ಸೇರದೆ ಇದ್ದ ಸ್ವೀಡನ್ ಕೂಡ 2024ರಲ್ಲಿ ಬಂತು, 32ನೇ ಸದಸ್ಯ. ಅಲಿಪ್ತ ನೀತಿಯ ಪಾಠ ಓದಿ ಬೆಳೆದ ನನ್ನಂಥವನಿಗೆ ಸ್ವೀಡನ್ ಸುದ್ದಿ ನುಂಗಲು ಕಷ್ಟವಾಯಿತು.

ಇಷ್ಟು ಹೇಳಿ ನ್ಯಾಟೋಗೆ ಹಾರ ಹಾಕುತ್ತಿದ್ದೇನೆ ಅಂದುಕೊಳ್ಳಬೇಡಿ. ಬೇಲಿ ದಾಟಿ ಹೋದಾಗೆಲ್ಲ ಅದು ಮಾಡಿದ್ದು ಅನಾಹುತವೇ. 1999ರಲ್ಲಿ ಭದ್ರತಾ ಮಂಡಳಿಯ ಒಪ್ಪಿಗೆ ಇಲ್ಲದೆ ಯುಗೊಸ್ಲಾವಿಯಾ ಮೇಲೆ 78 ದಿನ ಬಾಂಬ್ ಹಾಕಿದರು. ಅದರ ಕೊಸೊವೊ ಪ್ರಾಂತ್ಯದಲ್ಲಿ ಆಗುತ್ತಿದ್ದ ಹಿಂಸೆ ನಿಲ್ಲಿಸಬೇಕಿತ್ತು, ಒಪ್ಪೋಣ. ಆದರೆ ಬೆಲ್‌ಗ್ರೇಡ್‌ನ ಟಿವಿ ಕೇಂದ್ರದಲ್ಲಿ ರಾತ್ರಿ ಪಾಳಿಯಲ್ಲಿದ್ದ 16 ಜನ ನೌಕರರು ಸತ್ತದ್ದು ಯಾವ ರಕ್ಷಣೆ? 2011ರಲ್ಲಿ ನಾಗರಿಕರನ್ನು ಕಾಪಾಡುತ್ತೇವೆ ಅಂತ ಲಿಬಿಯಾಕ್ಕೆ ಹೋದವರು ಗಡಾಫಿ ಬಿದ್ದ ಮೇಲೆ ಗಂಟು ಕಟ್ಟಿ ಹೊರಟರು. ಆ ದೇಶ ಇನ್ನೂ ಒಂದಾಗಿಲ್ಲ. ಅಫ್ಗಾನಿಸ್ತಾನ ಬಿಡಿ, ಕಾಬೂಲ್ ವಿಮಾನ ನಿಲ್ದಾಣದ ದೃಶ್ಯ ಎಲ್ಲರಿಗೂ ನೆನಪಿದೆ.

ಎಲ್ಲಕ್ಕಿಂತ ದೊಡ್ಡ ತಪ್ಪು ಅಂತ ನನಗನ್ನಿಸುವುದು ಬಾಂಬ್ ಅಲ್ಲ, ಒಂದು ವಾಕ್ಯ. 2008ರ ಏಪ್ರಿಲ್‌ನಲ್ಲಿ ಬುಕಾರೆಸ್ಟ್ ಸಭೆಯಲ್ಲಿ ಉಕ್ರೇನ್ ಮತ್ತು ಜಾರ್ಜಿಯಾ ಮುಂದೆ ಸದಸ್ಯರಾಗುತ್ತವೆ ಅಂತ ಬರೆದರು. ಯಾವಾಗ ಅಂತ ಹೇಳಲಿಲ್ಲ, ಅಲ್ಲಿಯವರೆಗೆ ಕಾಯುವವರು ಯಾರು ಅಂತಲೂ ಹೇಳಲಿಲ್ಲ. ಪಂಕ್ತಿಯಲ್ಲಿ ಕೂರಿಸಿ ಎಲೆ ಹಾಕಿದರು, ಬಡಿಸಲಿಲ್ಲ. ಅತ್ತ ರಷ್ಯಾಕ್ಕೆ ಕೋಪ ಬರಿಸಿದ್ದೂ ಆಯಿತು, ಇತ್ತ ಇವರಿಗೆ ರಕ್ಷಣೆ ಕೊಡದೇ ಉಳಿದದ್ದೂ ಆಯಿತು. ನಾಲ್ಕು ತಿಂಗಳಿಗೆ ಜಾರ್ಜಿಯಾದಲ್ಲಿ ಯುದ್ಧ. ದಾಳಿ ಮಾಡಿದವನ ಪಾಪ ಇದರಿಂದ ಕಮ್ಮಿಯಾಗುವುದಿಲ್ಲ. ಆದರೆ ಎಲೆ ಹಾಕಿದವರೂ ಕೈ ತೊಳೆದುಕೊಳ್ಳುವ ಹಾಗಿಲ್ಲ.

ಇನ್ನು ದುಡ್ಡಿನ ಜಗಳ. ಸದಸ್ಯ ದೇಶಗಳು ಸೈನ್ಯಕ್ಕೆ ಜಿಡಿಪಿಯ 2% ಖರ್ಚು ಮಾಡಬೇಕು ಅಂತ 2014ರಲ್ಲಿ ಅಂದರು. 2025ರ ಹೇಗ್ ಸಭೆಯಲ್ಲಿ 2035ರೊಳಗೆ 5% ಅಂದರು. ಅದರಲ್ಲಿ 1.5%ಗೆ ರಸ್ತೆ, ಸೇತುವೆಯನ್ನೂ ಲೆಕ್ಕಕ್ಕೆ ಹಿಡಿಯಬಹುದು. ನಮ್ಮ ಕಡೆಯ ಕಂಟ್ರಾಕ್ಟರುಗಳಿಗೆ ಈ ಉಪಾಯ ಕೇಳಿದರೆ ಖುಷಿಯಾದೀತು.

ದುಡ್ಡಿಗಿಂತ ನನಗೆ ಚಿಂತೆ ಹತ್ತಿದ್ದು ಗ್ರೀನ್‌ಲ್ಯಾಂಡ್ ವಿಷಯದಲ್ಲಿ. ಡೆನ್ಮಾರ್ಕ್ 1949ರ ಆ 12ರಲ್ಲಿ ಒಂದು. 5ನೇ ಕಲಂ ಇದುವರೆಗೆ ಜಾರಿಯಾದದ್ದು ಒಂದೇ ಸಲ, ಅದೂ ಅಮೆರಿಕಕ್ಕಾಗಿ, 2001ರ ಸೆಪ್ಟೆಂಬರ್ 12ಕ್ಕೆ. ಆಗ ನ್ಯಾಟೋ ವಿಮಾನಗಳು ಯುರೋಪಿನಿಂದ ಹೋಗಿ ಅಮೆರಿಕದ ಆಕಾಶ ಕಾದವು. ಆಮೇಲೆ ಅಫ್ಗಾನಿಸ್ತಾನದಲ್ಲಿ ಡೆನ್ಮಾರ್ಕ್‌ನ 40ಕ್ಕೂ ಹೆಚ್ಚು ಸೈನಿಕರು ಸತ್ತರು. ಆ ಪುಟ್ಟ ದೇಶಕ್ಕೆ ಅದು ಸಣ್ಣ ಸಂಖ್ಯೆಯಲ್ಲ. ಅದೇ ಡೆನ್ಮಾರ್ಕ್‌ನ ಗ್ರೀನ್‌ಲ್ಯಾಂಡ್ ನಮಗೆ ಬೇಕು, ಬಲ ಬಳಸುವುದಿಲ್ಲ ಅಂತ ಮಾತು ಕೊಡಲಾರೆ ಅಂತ 2025ರ ಜನವರಿಯಲ್ಲಿ ಟ್ರಂಪ್ ಹೇಳಿದರು. 1951ರ ಒಪ್ಪಂದದ ಪ್ರಕಾರ ಅಮೆರಿಕದ ಸೇನಾನೆಲೆ ಅಲ್ಲಿ ಈಗಾಗಲೇ ಇದೆ. ಮತ್ತೇನು ಬೇಕು?

ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಅಂತಾರಲ್ಲ. ವಾರ್ಸಾ ಒಪ್ಪಂದ ಮಾಡಿದ್ದು ಅದನ್ನೇ. 1968ರಲ್ಲಿ ಅದರ ಟ್ಯಾಂಕುಗಳು ಉರುಳಿದ್ದು ಅದರದೇ ಸದಸ್ಯ ದೇಶದ ಪ್ರಾಗ್ ನಗರದ ಮೇಲೆ. ಅಂಥ ಕೂಟ ಬಿದ್ದಾಗ ಸದಸ್ಯರೇ ನಿಟ್ಟುಸಿರು ಬಿಟ್ಟರು. ನ್ಯಾಟೋ ಉಳಿದುಕೊಂಡದ್ದು ತಾನು ಅಂಥದ್ದಲ್ಲ ಅನ್ನುವ ನಂಬಿಕೆಯಿಂದ. ಸದಸ್ಯನೇ ಸದಸ್ಯನ ಮೇಲೆ ಬಿದ್ದರೆ ಏನು ಅನ್ನುವುದಕ್ಕೆ ಆ 14 ಕಲಂಗಳಲ್ಲಿ ನೇರ ಉತ್ತರ ಇಲ್ಲ. ಹೊರಹಾಕುವ ದಾರಿಯೂ ಇಲ್ಲ. ಬಿಟ್ಟು ಹೋಗಲು ಮಾತ್ರ ಒಂದು ವರ್ಷದ ನೋಟಿಸ್ ಸಾಕು. ಅಧ್ಯಕ್ಷ ಒಬ್ಬನೇ ಹೀಗೆ ಹೊರಬರದಂತೆ ಅಮೆರಿಕದ ಸಂಸತ್ತು 2023ರ ಡಿಸೆಂಬರ್‌ನಲ್ಲಿ ಕಾನೂನು ಮಾಡಿತು. ಅದನ್ನು ತಂದ ಇಬ್ಬರಲ್ಲಿ ಒಬ್ಬರು ಮಾರ್ಕೊ ರುಬಿಯೊ. ಮುಂದೆ ಅವರೇ ಟ್ರಂಪ್ ಸರ್ಕಾರದ ವಿದೇಶಾಂಗ ಸಚಿವರಾದರು!

ಹಾಗಾದರೆ ನನ್ನ ಉತ್ತರ? ನ್ಯಾಟೋಗೆ ಕೆಲಸ ಇದೆ, 6ನೇ ಕಲಂನ ಗೆರೆಯ ಒಳಗೆ. ಹಿಂದೂ ಮಹಾಸಾಗರ, ಚೀನಾ ಅಂತ ಅದು ಮತ್ತೆ ಕತ್ತು ಚಾಚುವುದು ನನಗೆ ಇಷ್ಟವಿಲ್ಲ. ನಮ್ಮ ಕಡಲಿಗೆ ಅದು ಬರುವುದಂತೂ ಬೇಡವೇ ಬೇಡ. ಯುರೋಪಿನ ಕಾವಲನ್ನು ಯುರೋಪಿನವರೇ ಹೊರುವ ದಿನ ಬರಬೇಕು, ಅಮೆರಿಕ ಇದ್ದರೆ ಇರಲಿ. ಆದರೆ ಬರ್ಖಾಸ್ತು ಮಾಡಿ ಅಂತ ಕಾರವಾರದಲ್ಲಿ ಕೂತು ನಾನು ಹೇಳಲಾರೆ. ಗೋವಾ ಹೊತ್ತಿನಲ್ಲಿ ನಮಗೆ ಭಯ ಹುಟ್ಟಿಸಿದ ಅದೇ ಮಾತು, ಒಬ್ಬನ ಮೇಲೆ ಕೈ ಮಾಡಿದರೆ ಎಲ್ಲರೂ ಬರ್ತಾರೆ ಅನ್ನುವುದು, ತಾಲಿನ್‌ನಲ್ಲಿ ಒಬ್ಬ ಅಜ್ಜಿಗೆ ನಿದ್ದೆ ಕೊಡುತ್ತಿದೆ.

ಅಜ್ಜಿಗೆ ನಿದ್ದೆ ಪೂರ್ತಿ ಬರುತ್ತದೋ ಇಲ್ಲವೋ ಅಂತ ಮೊನ್ನೆ ತಂಗಿಯ ಮಗಳನ್ನು ಕೇಳಿದೆ. "ಗೊತ್ತಿಲ್ಲ ಮಾವ" ಅಂದಳು. "ವಿಮಾನದ ಸದ್ದು ಕೇಳಿದ್ರೆ ಕಿಟಕಿ ಹತ್ರ ಹೋಗಿ ನೋಡ್ತಾರೆ. ನಮ್ಮದೇ ಅಂತ ವಾಪಸ್ ಬಂದು ಕೂರ್ತಾರೆ. ಆದ್ರೆ ಆ ಹೊಲಿಗೆ ಮಷಿನ್‌ಗೆ ಮಾತ್ರ ಈಗ್ಲೂ ತಿಂಗಳಿಗೊಮ್ಮೆ ಎಣ್ಣೆ ಬಿಡ್ತಾರೆ. ಹೊಲಿಯೋರು ಯಾರೂ ಇಲ್ಲ ಮನೇಲಿ."