ಕೋಡ್ ನಿಮ್ಮ ಮೇಲ್‌ಗೇ ಕಳಿಸಿದ್ದೇವೆ, ನೋಡಿ

ಆಫೀಸಿನ ಮೇಲ್ ಅನ್ನು ತಮ್ಮ ಸರ್ವರಿನಲ್ಲಿ ನಡೆಸಿಕೊಡುವ ಮೇಲ್ ಹೋಸ್ಟಿಂಗ್ ಕಂಪನಿ ಆರಿಸಲು ನಮ್ಮಲ್ಲಿ ಏಳು ಜನರ ಸಮಿತಿ ಆಯಿತು. ಆರು ಮಂದಿಗೆ, ನಮಗೆ ಬರುವ ಮೇಲ್ ಯಾವ ಸರ್ವರಿಗೆ ಹೋಗಬೇಕು ಅಂತ ಹೇಳುವ ಎಂಎಕ್ಸ್ ರೆಕಾರ್ಡ್ ಅಂದರೇನು ಅಂತ ಗೊತ್ತಿರಲಿಲ್ಲ. ಗೊತ್ತಿದ್ದ ಏಳನೆಯವನಿಗೆ ಮಿನಿಟ್ಸ್ ಬರೆಯುವ ಕೆಲಸ ಕೊಟ್ಟರು.

ಅಲ್ಲಿಯವರೆಗೆ ಮೂಲೆಯಲ್ಲೊಂದು ಮೇಲ್ ಸರ್ವರ್ ಗುಯ್ಗುಡುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವನು ಇವನೇ. ಒಂದು ದಿನ ರಜೆ ಕೇಳಿದ. ಹೊರಗಿನವರಿಗೆ ಒಪ್ಪಿಸೋಣ ಎಂಬ ಮಹಾ ಚಿಂತನೆ ಹುಟ್ಟಿದ್ದೇ ಆಗ.

ಬಂದ ಕಂಪನಿಗಳೆಲ್ಲ ಒಂಬತ್ತುಗಳನ್ನು ಹೊತ್ತು ತಂದಿದ್ದವು. ಒಬ್ಬರು ಶೇ. 99.9 ಅಪ್‌ಟೈಮ್ (ಮೇಲ್ ಎದ್ದಿರುವ ಹೊತ್ತು) ಅಂದರು. ಇನ್ನೊಬ್ಬರು 99.99. ಸಮಿತಿ ತಲೆದೂಗಿತು. 99.9 ಅಂದರೆ ವರ್ಷದಲ್ಲಿ ಸುಮಾರು 8 ಗಂಟೆ 45 ನಿಮಿಷ ಮೇಲ್ ಮಲಗಿದರೂ ಅವರು ಮಾತು ತಪ್ಪಿದಂತಲ್ಲ. ಇನ್ನೊಂದು ಒಂಬತ್ತು ಸೇರಿಸಿದರೆ ಅದು 53 ನಿಮಿಷಕ್ಕೆ ಇಳಿಯುತ್ತದೆ. ಮೊದಲೇ ಹೇಳಿ ಮಾಡುವ ಮೆಂಟೆನೆನ್ಸ್ ಸಾಮಾನ್ಯವಾಗಿ ಈ ಲೆಕ್ಕಕ್ಕೆ ಬರುವುದಿಲ್ಲ. ಅಂದರೆ ಹೇಳಿ ಮಲಗಿದರೆ ನಿದ್ದೆಯೇ ಅಲ್ಲ! ಮಾತು ತಪ್ಪಿದರೆ ಪರಿಹಾರ ಇದೆಯಂತೆ: ಮುಂದಿನ ಬಿಲ್ಲಿನಲ್ಲಿ ಚೂರು ಕಡಿತ. ಕೈಕೊಟ್ಟವರ ಜೊತೆಗೇ ಇನ್ನೊಂದು ತಿಂಗಳು ಬಾಳಿದರೆ ಮಾತ್ರ ಆ ಸಮಾಧಾನ.

ಆಮೇಲೆ ಜಾಗದ ಮಾತು. ‘ಅನ್‌ಲಿಮಿಟೆಡ್’ ಅಂದರು. ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ‘ಫೇರ್ ಯೂಸೇಜ್ ಅನ್ವಯ’ ಅಂತಿತ್ತು, ಅಂದರೆ ಅತಿಯಾದರೆ ತಡೆಯುತ್ತೇವೆ ಅಂತ. ಒಂದು ಮೇಲ್‌ಗೆ 25 ಎಂಬಿ ಮಿತಿ ಅಂತ ಇನ್ನೊಂದು ಸಾಲು. ನಮ್ಮ ಡಿಸೈನರ್ 22 ಎಂಬಿಯ ಫೈಲ್ ಕಳಿಸಿ, ವಾಪಸ್ ಬಂದಾಗ ಜಗಳಕ್ಕೇ ನಿಂತಳು. ಪಾಪ, ಅವಳ ಲೆಕ್ಕ ಸರಿಯೇ. ಆದರೆ ಮೇಲ್ ಹುಟ್ಟಿದ್ದು ಬರೀ ಅಕ್ಷರ ಸಾಗಿಸಲು. ಫೋಟೋ, ಪಿಡಿಎಫ್ ಎಲ್ಲ ಅಕ್ಷರದ ವೇಷ ಹಾಕಿಕೊಂಡೇ ದಾಟಬೇಕು. ಆ ವೇಷದ ತೂಕ ಫೈಲಿನ ಮೂರನೇ ಒಂದು ಪಾಲು. ಹಾಗಾಗಿ 25ರ ಡಬ್ಬಿಗೆ ಹಿಡಿಸುವುದು 18 ಚಿಲ್ಲರೆ.

ಇಷ್ಟೆಲ್ಲ ಆದ ಮೇಲೆ ಏಳನೆಯವನು ಮೆಲ್ಲಗೆ ಕೇಳಿದ, “ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಯಾರು ಮಾಡಿಕೊಡ್ತಾರೆ?” ಮೇಲ್ ನಿಜವಾಗಿ ನಮ್ಮಿಂದಲೇ ಹೋಗಿದೆ ಅಂತ ತೋರಿಸುವ ಗುರುತುಚೀಟಿಗಳು ಇವು. ಗೂಗಲ್, ಯಾಹೂ ಎರಡೂ 2024ರ ಫೆಬ್ರವರಿಯಿಂದ ರಾಶಿಗಟ್ಟಲೆ ಮೇಲ್ ಕಳಿಸುವವರಿಗೆ ಇವು ಮೂರನ್ನೂ ಕಡ್ಡಾಯ ಮಾಡಿವೆ ಅಂತಲೂ ಹೇಳಿದ. ಸೇಲ್ಸಿನವನು ನಕ್ಕ. “ಎಲ್ಲಾ ಇದೆ ಸಾರ್.” ಸಮಿತಿಯೂ ನಕ್ಕಿತು. ಮುಂದಿನ ಸ್ಲೈಡಿನಲ್ಲಿ ಮೋಡದ ಚಿತ್ರವಿತ್ತು, ತುಂಬಾ ಚೆನ್ನಾಗಿತ್ತು.

ಅವರಿಗೇ ಒಪ್ಪಿಸಿ ಮೂರೇ ವಾರ. ನಮ್ಮ ಮೇಲ್‌ಗಳು ಗಿರಾಕಿಗಳಿಗೆ ಮುಟ್ಟುವುದು ನಿಂತಿತು. ನಮ್ಮದೇ ಐಪಿಯಲ್ಲಿ (ಸರ್ವರಿನ ಇಂಟರ್‌ನೆಟ್ ವಿಳಾಸದಲ್ಲಿ) ಇದ್ದ ಇನ್ಯಾರೋ ಪುಣ್ಯಾತ್ಮ ಲಾಟರಿ ಮೇಲ್ ಹಂಚಿದ್ದನಂತೆ. ಬ್ಲಾಕ್‌ಲಿಸ್ಟ್ ಸೇರಿದ್ದು ಇಡೀ ಐಪಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಅದರ ಹೆಸರು ಶೇರ್ಡ್ ಹೋಸ್ಟಿಂಗ್.

ಅದು ಸರಿಯಾಯಿತು ಅನ್ನುವಷ್ಟರಲ್ಲಿ ಮೇಲ್ ಪೂರ್ತಿ ಮಲಗಿತು. ಸಪೋರ್ಟಿಗೆ ಫೋನ್ ಮಾಡಿದೆ. ಇಪ್ಪತ್ತು ನಿಮಿಷ ಪೀಪಿ ಸಂಗೀತ. ಕೊನೆಗೊಬ್ಬರು ಸಿಕ್ಕರು.

“ನಮ್ಮ ಸೈಟಿನಲ್ಲಿ ಟಿಕೆಟ್ ಹಾಕಿ ಸಾರ್, ದೂರು ದಾಖಲಾಗುತ್ತೆ.”

“ಹಾಕೋಕೆ ಲಾಗಿನ್ ಆಗಬೇಕಲ್ವಾ?”

“ಹೌದು. ಕೋಡ್ ನಿಮ್ಮ ಮೇಲ್‌ಗೆ ಕಳಿಸಿದ್ದೇವೆ, ನೋಡಿ.”

“ಮೇಲೇ ಬರ್ತಾ ಇಲ್ಲ ಅಂತ ತಾನೇ ಫೋನ್ ಮಾಡಿರೋದು?”

ಸ್ವಲ್ಪ ಹೊತ್ತು ಮೌನ. “ಬೇಕಾದ್ರೆ ಇನ್ನೊಂದು ಸಲ ಕಳಿಸ್ತೀನಿ ಸಾರ್.”

ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕುವುದು ಅಂದರೆ ಇದೇ. ಆದರೆ ಅಡ್ಮಿನ್ ಖಾತೆಗೆ ಅದೇ ವಿಳಾಸ ಕೊಟ್ಟವರು ನಾವೇ. ಅದನ್ನು ಮಾತ್ರ ಫೋನಿನಲ್ಲಿ ಹೇಳಲಿಲ್ಲ.

ನಿಜಕ್ಕೂ ಮರ್ಯಾದಸ್ಥ ಅಂದರೆ ಮೇಲ್ ಒಂದೇ. ಬಾಗಿಲು ಮುಚ್ಚಿದ್ದರೆ ಕಳಿಸುವ ಸರ್ವರ್ ಸಿಟ್ಟಾಗುವುದಿಲ್ಲ. ಕನಿಷ್ಠ 4–5 ದಿನ ಮತ್ತೆ ಮತ್ತೆ ಬಂದು ತಟ್ಟಬೇಕು ಅಂತ ಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮವೇ ಹೇಳುತ್ತದೆ. ಹಾಗೆ ಕಾದಿದ್ದ ಮೇಲ್‌ಗಳೆಲ್ಲ ಮರುದಿನ ಒಟ್ಟಿಗೇ ನುಗ್ಗಿದವು. ಅದರಲ್ಲಿ ಹನ್ನೊಂದು, “ನಿಮ್ಮ ಮೇಲ್ ಕೆಟ್ಟಿದೆಯಾ?” ಅಂತ ಕೇಳಿದ ಮೇಲ್‌ಗಳು. ಕೋಡ್ ಕೂಡ ಬಂತು, ಎರಡು ಸಲ. ಎರಡರ ಅವಧಿಯೂ ಮುಗಿದಿತ್ತು.

ಈಗ ಸಮಿತಿ ಮತ್ತೆ ಸೇರಿದೆ. ಈ ಸಲ ಐದು ಒಂಬತ್ತು ಇರುವವರನ್ನೇ ಕರೆಯೋಣ ಅಂತ ತೀರ್ಮಾನ. ಹೋದ ಸಲದ ಮಿನಿಟ್ಸ್ ಎಲ್ಲಿ ಅಂತ ಹುಡುಕಿದೆ. ಏಳನೆಯವನು ಅವತ್ತೇ ಎಲ್ಲರಿಗೂ ಕಳಿಸಿದ್ದನಂತೆ. ಸಿಕ್ಕಿದ್ದು ಸ್ಪ್ಯಾಮ್ ಫೋಲ್ಡರಿನಲ್ಲಿ. ಕೊನೆಯ ಸಾಲು ಹೀಗಿತ್ತು: “ಬಿಟ್ಟು ಹೋಗುವಾಗ ಹಳೆ ಮೇಲ್‌ಗಳನ್ನು ಹೇಗೆ ವಾಪಸ್ ಕೊಡ್ತಾರೆ, ಡೊಮೈನ್ (ವಿಳಾಸದಲ್ಲಿ @ ಆದಮೇಲಿನ ಭಾಗ) ಯಾರ ಹೆಸರಲ್ಲಿರುತ್ತೆ? ಸಹಿ ಹಾಕುವ ಮೊದಲು ಕೇಳಬೇಕು.”